ಅಸ್ತರಿದ್ದದ್ದು, ಅಸ್ತರಿಲ್ಲದ್ದು

ಆ ಕಟ್ಟಡದಲ್ಲಿ ಅವಳನ್ನು ಎಲ್ಲರೂ ಸೂಜಿಯಕ್ಕ ಎಂದೇ ಕರೆಯುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಅವಳಿಗೊಂದು ಪೂರ್ತಿ ಹೆಸರೇನೋ ಇತ್ತು. ಆದರೆ ಹದಿನಾಲ್ಕು ವರ್ಷಗಳಲ್ಲಿ ಅದನ್ನು ಬಾಯಿಬಿಟ್ಟು ಓದುವ ಪ್ರಸಂಗ ಯಾರಿಗೂ ಬಂದಿರಲಿಲ್ಲ.

ಅದು ಒಣಗಿದ ಗಿಡಗಳನ್ನು ಇಡುವ ಸಂಗ್ರಹಾಲಯ. ಉದ್ದನೆಯ ಎರಡು ಹಜಾರ, ಹಜಾರದ ತುಂಬ ಕಬ್ಬಿಣದ ಬೀರುಗಳು, ಬೀರುಗಳ ತುಂಬ ರಟ್ಟಿನ ಫೋಲ್ಡರುಗಳು. ಒಂದೊಂದು ಫೋಲ್ಡರಿನಲ್ಲೂ ದಪ್ಪ ಹಾಳೆಗಳು, ಒಂದೊಂದು ಹಾಳೆಯ ಮೇಲೂ ಚಪ್ಪಟೆಯಾಗಿ ಒಣಗಿದ ಒಂದು ಗಿಡ. ಅದನ್ನು ಎಲ್ಲಿಂದ, ಯಾರು, ಯಾವತ್ತು ಕಿತ್ತು ತಂದರು ಎಂಬ ವಿವರ ಮೂಲೆಯಲ್ಲಿ. ಕಿಟಕಿಯ ಪಕ್ಕದ ಮೇಜು ಸೂಜಿಯಕ್ಕನದು. ಊರೂರು ಸುತ್ತುವವರು ತಂದ ಗಿಡಗಳನ್ನು ಹಾಳೆಗೆ ಅಂಟಿಸುವುದು, ಅಂಟಿಗೆ ಬಗ್ಗದ ಕಡ್ಡಿಗಳನ್ನು ಸೂಜಿದಾರದಿಂದ ಹೊಲಿದು ಕೂರಿಸುವುದು ಅವಳ ಕೆಲಸ. ಅದಕ್ಕೂ ಮುಂಚೆ ಅವಳು ಕೋಟು ಹೊಲಿಯುವ ಅಂಗಡಿಯಲ್ಲಿದ್ದಳು. ಜನ ರೆಡಿಮೇಡ್ ಕೋಟಿಗೆ ಮುಗಿಬಿದ್ದು ಆ ಅಂಗಡಿ ಬಾಗಿಲು ಹಾಕಿತು. ಇಲ್ಲಿ ಯಾರಿಗೋ ಕೈ ನಡುಗದೆ ಹೊಲಿಯುವವರು ಬೇಕಾಗಿದ್ದರು. ಅವಳು ಬಂದಳು, ಕೂತಳು, ಮೊದಲ ದಿನವೇ ಒಣಗಿದ ಬಳ್ಳಿಯೊಂದನ್ನು ಒಂದು ಎಲೆಯೂ ಉದುರದ ಹಾಗೆ ಹೊಲಿದು ತೋರಿಸಿದಳು.

ಓದಿದ್ದು ಏಳನೇ ಕ್ಲಾಸು. ಗಿಡಗಳ ಉದ್ದುದ್ದ ಹೆಸರುಗಳಿಗೆ ಅವಳ ನಾಲಿಗೆ ಹೊರಳುತ್ತಿರಲಿಲ್ಲ. ಹೀಗಿರುವಾಗ, ಕೆಲಸಕ್ಕೆ ಸೇರಿದ ಎರಡನೇ ವರ್ಷ ಊರಾಚೆಯ ಬಂಡೆಗುಡ್ಡದಿಂದ ಒಂದು ಕಟ್ಟು ಕುರುಚಲು ಗಿಡಗಳು ಬಂದವು. ಗುಂಡುಸೂಜಿಯ ತಲೆಗಿಂತ ಒಂದಿಷ್ಟು ದೊಡ್ಡದಾದ ಕೆಂಪು ಹಣ್ಣುಗಳು, ಬೆರಳ ತುದಿಯಷ್ಟು ಎಲೆಗಳು. “ಏನು ಸಾರ್ ಇದರ ಹೆಸರು?” ಎಂದು ಆಗಿನ ಮುಖ್ಯಸ್ಥರನ್ನು ಕೇಳಿದಳು.

“ಕೊಟೊನಿಯಾಸ್ಟರ್.”

“ಕೋಟಿನ ಅಸ್ತರಾ?”

ಮುದುಕರು ಕನ್ನಡಕ ಕಳಚಿ ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. “ಹಾಗೇ ಇಟ್ಕೊಳಮ್ಮ, ನಿನಗೆ ಮರೆಯಲ್ಲ” ಎಂದರು.

ಅವಳಿಗೆ ಮರೆಯಲಿಲ್ಲ. ಮರೆಯದೇ ಇರುವುದಕ್ಕೆ ಇನ್ನೂ ಒಂದು ಕಾರಣ ಸಿಕ್ಕಿತು. ಆ ಕಟ್ಟಿನ ಅರ್ಧದಷ್ಟು ಗಿಡಗಳಿಗೆ ನಿಜವಾಗಿಯೂ ಅಸ್ತರಿತ್ತು! ಎಲೆ ಮಗುಚಿದರೆ ಹಿಂಬದಿಯಲ್ಲಿ ಬೂದುಬಣ್ಣದ ಮೆತ್ತನೆಯ ಉಣ್ಣೆ, ಒಳ್ಳೆಯ ಕೋಟಿನ ಒಳಮೈಯಂತೆ. ಉಳಿದರ್ಧಕ್ಕೆ ಅದಿರಲಿಲ್ಲ, ನುಣ್ಣಗಿತ್ತು. ಮುಂಬದಿಯಿಂದ ನೋಡಿದರೆ ಎರಡೂ ಒಂದೇ. ಆದರೆ ಅಂಟು ಹಚ್ಚಿದಾಗ ಗುಟ್ಟು ಬಯಲಾಗುತ್ತಿತ್ತು. ಉಣ್ಣೆಯ ಎಲೆ ಅಂಟನ್ನು ಗಟಗಟ ಕುಡಿಯುತ್ತಿತ್ತು, ಎರಡೆರಡು ಸಲ ಬಳಿಯಬೇಕು. ನುಣ್ಣನೆಯದು ಒಂದೇ ಸಲಕ್ಕೆ ಕೂರುತ್ತಿತ್ತು, ಒಣಗಿದ ಮೇಲೆ ಪಟ್ಟನೆ ಎದ್ದುಬಿಡುತ್ತಿತ್ತು. ನುಣ್ಣನೆಯದರ ಕಡ್ಡಿಗಳು ಮೀನಿನ ಮುಳ್ಳಿನಂತೆ ಎರಡೂ ಕಡೆ ಸಮನಾಗಿ ಹರಡಿ ಹಾಳೆಯ ಮೇಲೆ ಮಟ್ಟಸವಾಗಿ ಮಲಗಿದರೆ, ಅಸ್ತರಿನದರ ಕಡ್ಡಿಗಳು ಎಂಟು ದಿಕ್ಕಿಗೂ ಚಾಚಿಕೊಂಡು ಅವಳೊಡನೆ ಜಗಳಕ್ಕೆ ನಿಲ್ಲುತ್ತಿದ್ದವು. ನಾಲ್ಕು ಹೊಲಿಗೆ ಹೆಚ್ಚೇ ಬೇಕು.

ಇದನ್ನೆಲ್ಲ ಅವಳು ಯಾರಿಗೂ ಹೇಳಹೋಗಲಿಲ್ಲ. ಹೇಳಬೇಕೆಂದು ತೋಚಿರಲೂ ಇಲ್ಲ. ಕೊಟೊನಿಯಾಸ್ಟರಿನ ಫೋಲ್ಡರಿನೊಳಗೆ ಎರಡು ಅಡಕಲು ಮಾಡಿ ನಡುವೆ ಒಂದು ಹಳೇ ಪೇಪರು ಇಟ್ಟಳು, ಅಷ್ಟೇ. ಮುಂದಿನ ಹನ್ನೊಂದು ವರ್ಷ, ಆ ಗಿಡ ಬಂದಾಗಲೆಲ್ಲ ಮಗುಚಿ ನೋಡಿ, ಪೇಪರಿನ ಈ ಕಡೆ ಅಥವಾ ಆ ಕಡೆ ಸೇರಿಸುತ್ತ ಹೋದಳು.

ನಗುತ್ತಿದ್ದ ಮುದುಕರು ನಿವೃತ್ತರಾದರು. ಅವರ ಜಾಗಕ್ಕೆ ಬಂದವರು ಎರಡು ಡಾಕ್ಟರೇಟಿನವರು. ಕೆಟ್ಟ ಮನುಷ್ಯರೇನಲ್ಲ. ಸಿಟ್ಟು ಬಂದರೂ ದನಿ ಏರಿಸುತ್ತಿರಲಿಲ್ಲ, ಆಯಾಗಳಿಗೂ ನಮಸ್ಕಾರ ಹೇಳುತ್ತಿದ್ದರು. ಆದರೆ ತಾವು ಬರೆದದ್ದರ ಮೇಲೆ ಇನ್ನೊಬ್ಬರು ಬೆರಳಿಟ್ಟರೆ ಅವರಿಗೆ ಮೈ ಉರಿಯುತ್ತಿತ್ತು. ಆ ಸೀಮೆಯ ಪೊದೆಗಿಡಗಳ ಬಗ್ಗೆ ದೊಡ್ಡ ಪುಸ್ತಕವೊಂದನ್ನು ಬರೆಯುತ್ತಿದ್ದ ಅವರು ಒಂದು ಬೆಳಿಗ್ಗೆ ಕೊಟೊನಿಯಾಸ್ಟರಿನ ಫೋಲ್ಡರ್ ತೆರೆದರು. ಕೈಗೆ ಹಳೇ ಪೇಪರು ಸಿಕ್ಕಿತು.

“ಇದನ್ನ ಯಾರು ಇಟ್ಟಿದ್ದು?”

“ನಾನೇ ಸಾರ್” ಎಂದಳು ಸೂಜಿಯಕ್ಕ, ಕೈಯಲ್ಲಿದ್ದ ದಾರವನ್ನು ಹಲ್ಲಿನಿಂದ ಕಡಿಯುತ್ತ. “ಅವು ಎರಡು ಬೇರೆ ಬೇರೆ ಜಾತಿ.”

ಮುಖ್ಯಸ್ಥರು ನಸುನಕ್ಕರು. “ಯಾರು ಹೇಳಿದ್ರು?”

“ಯಾರೂ ಹೇಳಿಲ್ಲ. ಎಲೆ ಮಗುಚಿ ನೋಡಿ. ಒಂದಕ್ಕೆ ಅಸ್ತರಿದೆ, ಇನ್ನೊಂದಕ್ಕಿಲ್ಲ. ಅಂಟು ಹಚ್ಚಿದ್ರೂ ಗೊತ್ತಾಗುತ್ತೆ.”

“ಅಂಟು!” ಅವರು ಹಾಳೆಯೊಂದನ್ನು ಕಿಟಕಿಯ ಬೆಳಕಿಗೆ ಹಿಡಿದರು. “ನೋಡಮ್ಮ, ಒಂದೇ ಗಿಡ ಬಿಸಿಲಲ್ಲಿ ಬೆಳೆದ್ರೆ ಎಲೆ ತನ್ನ ಮೈ ಕಾಪಾಡ್ಕೊಳ್ಳೋಕೆ ಉಣ್ಣೆ ಬಿಡುತ್ತೆ, ನೆರಳಲ್ಲಿ ಬೆಳೆದ್ರೆ ಬಿಡಲ್ಲ. ಇದು ಜಾತಿ ವ್ಯತ್ಯಾಸ ಅಲ್ಲ, ಜಾಗದ ವ್ಯತ್ಯಾಸ. ಎಲ್ಲಾನೂ ಒಟ್ಟಿಗೆ ಸೇರಿಸಿಬಿಡು.”

“ಬಿಸಿಲಿಗೆ ಅಂತ ನೀವು ಹೇಳ್ತೀರಿ. ಆದ್ರೆ ಕಡ್ಡಿ ಯಾಕೆ ಬೇರೆ ಥರ ಇದೆ?”

“ಸೇರಿಸಿಬಿಡು ಅಂದೆ.”

ಅವಳು ಸೇರಿಸಲಿಲ್ಲ. ಫೋಲ್ಡರನ್ನು ಮುಚ್ಚಿ ಮೇಜಿನ ಮೇಲಿಟ್ಟು, ತನ್ನ ಕೆಲಸಕ್ಕೆ ತಲೆ ಬಗ್ಗಿಸಿದಳು. ಕೊನೆಗೆ ಗುಮಾಸ್ತರು ಬಂದು, ಅವಳ ಕಣ್ಣೆದುರೇ ಪೇಪರನ್ನು ತೆಗೆದು ಬುಟ್ಟಿಗೆಸೆದು, ಎರಡು ಅಡಕಲನ್ನೂ ಇಸ್ಪೀಟಿನೆಲೆ ಕಲಸುವಂತೆ ಕಲಸಿದರು. ಮುಖ್ಯಸ್ಥರು ಒಂದೊಂದು ಹಾಳೆಗೂ ಒಂದೇ ಹೆಸರಿನ ಅಚ್ಚಾದ ಚೀಟಿಯನ್ನು ಅಂಟಿಸಿ, ಕೆಳಗೆ ರುಜು ಹಾಕಿದರು.

ಹನ್ನೊಂದು ವರ್ಷದ ಕೆಲಸ ಕಾಲು ಗಂಟೆಯಲ್ಲಿ ಕಲಸಿಹೋಯಿತು.

ಮನೆಯಲ್ಲಿ ಮೂವರೇ ಇದ್ದರು: ಅವಳು, ಬೀಗ ರಿಪೇರಿ ಮಾಡುವ ಗಂಡ, ಎಂಬತ್ತು ದಾಟಿದ ಅತ್ತೆ. ಅತ್ತೆಗೆ ಕಿವಿ ಮಂದ, ಬಾಯಿ ಚುರುಕು. ಸೊಸೆ ಪಾತ್ರೆಗಳನ್ನು ಇಡುವ ಸದ್ದಿನಲ್ಲೇ ಏನೋ ಆಗಿದೆಯೆಂದು ಅವರಿಗೆ ತಿಳಿದುಹೋಯಿತು. ಮಂದ ಕಿವಿಗೂ ಕೇಳುವಂಥ ಸದ್ದದು.

“ಏನಾಯ್ತೇ? ಯಾರು ಏನಂದ್ರು?”

ಅವಳು ಎಲ್ಲವನ್ನೂ ಕೂಗಿ ಕೂಗಿ ಹೇಳಿದಳು. ಪಕ್ಕದ ಮನೆಯವರಿಗೂ ಕೊಟೊನಿಯಾಸ್ಟರಿನ ಕತೆ ತಿಳಿಯಿತು. ಗಂಡ ಕೀಲಿಯೊಂದಕ್ಕೆ ಅರ ಹಾಕುತ್ತ ಕೇಳಿಸಿಕೊಂಡ.

“ಹೋಗ್ಲಿ ಬಿಡು” ಎಂದ. “ಗಿಡ ಒಂದಾದ್ರೇನು, ಎರಡಾದ್ರೇನು? ನಮಗೇನು ಅದರಿಂದ?”

“ನಿಮ್ಮ ಹತ್ರ ಯಾರಾದ್ರೂ ಬಂದು, ಈ ಎರಡು ಕೀಲಿ ಒಂದೇ ಅಂದ್ರೆ ಸುಮ್ನಿರ್ತೀರಾ?”

ಅರ ನಿಂತಿತು. “ಸುಮ್ನಿರಲ್ಲ” ಎಂದು ಒಪ್ಪಿಕೊಂಡ.

“ಅವರಂದಿದ್ದು ನಿಜವಾ ಅಂತ ಮೊದಲು ನೋಡ್ಕೊಂಡು ಬಾ” ಎಂದರು ಅತ್ತೆ. “ನಿಜ ಆದ್ರೆ ಬಾಯಿ ಮುಚ್ಕೊಂಡಿರು. ಸುಳ್ಳಾದ್ರೆ ಮುಚ್ಕೋಬೇಡ.”

ಭಾನುವಾರ ಗಂಡ ಹೆಂಡತಿ ಸ್ಕೂಟರಿನಲ್ಲಿ ಬಂಡೆಗುಡ್ಡಕ್ಕೆ ಹೋದರು. ಇಷ್ಟು ವರ್ಷ ಆ ಗಿಡವನ್ನು ಸತ್ತ ಮೇಲೆ ಮಾತ್ರ ನೋಡಿದ್ದ ಸೂಜಿಯಕ್ಕ, ಅದು ಬದುಕಿರುವುದನ್ನು ನೋಡಿದ್ದು ಅವತ್ತೇ. ಏದುಸಿರು ಬಿಡುತ್ತ ಅರ್ಧ ಗುಡ್ಡ ಹತ್ತುವ ಹೊತ್ತಿಗೆ ಗಂಡ ಮೂರು ಸಲ ಕೂತಿದ್ದ. ಅಲ್ಲೊಂದು ಬೋಳು ಬಂಡೆ. ಸುತ್ತ ಮರದ ನೆರಳೆಂಬುದೇ ಇಲ್ಲ. ಆ ಬಂಡೆಯ ಮೇಲೆ ಒಂದು ಗಿಡ ಮೀನಿನ ಮುಳ್ಳಿನಂಥ ಕಡ್ಡಿಗಳನ್ನು ಕಲ್ಲಿಗೆ ಒತ್ತಿಕೊಂಡು ಹರಡಿತ್ತು. ಅದರ ಎದೆಯ ಮೇಲೇ ಕೈ ಚಾಚಿಕೊಂಡು ಇನ್ನೊಂದು ಎದ್ದು ನಿಂತಿತ್ತು. ಒಂದೇ ಕಲ್ಲು, ಒಂದೇ ಬಿಸಿಲು. ಅವಳು ಮಂಡಿಯೂರಿ ಎರಡರ ಎಲೆಗಳನ್ನೂ ಮಗುಚಿದಳು. ಒಂದಕ್ಕೆ ಅಸ್ತರಿತ್ತು. ಒಂದಕ್ಕಿರಲಿಲ್ಲ.

“ಬನ್ರೀ ಇಲ್ಲಿ, ಮುಟ್ಟಿ ನೋಡ್ರೀ!” ಎಂದು ಕೂಗಿದಳು. ಗಂಡ ಬಂದು ಹೆಬ್ಬೆರಳಿನಿಂದ ಉಜ್ಜಿ ನೋಡಿದ. ನೂರಾರು ಕೀಲಿಗಳ ಹಲ್ಲು ತಡವಿದ ಬೆರಳದು.

“ಬೇರೆ” ಎಂದ. ಆಮೇಲೆ ಮತ್ತೊಮ್ಮೆ ಉಜ್ಜಿ, “ಖಂಡಿತ ಬೇರೆ” ಎಂದ.

ಸೋಮವಾರ ಎರಡು ಕಡ್ಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಮುಖ್ಯಸ್ಥರ ಕೋಣೆಗೆ ಹೋದಳು. ಅವರು ಪುಸ್ತಕದ ಅಚ್ಚಿನ ಕರಡನ್ನು ತಿದ್ದುತ್ತಿದ್ದರು.

“ಒಂದೇ ಬಂಡೆ ಮೇಲೆ ಇತ್ತು ಸಾರ್. ನೆರಳಿಲ್ಲ, ಏನಿಲ್ಲ.”

“ಎರಡು ಗಿಡ ನೋಡಿ ತೀರ್ಮಾನಕ್ಕೆ ಬರೋಕಾಗಲ್ಲಮ್ಮ.”

“ನೀವೆಷ್ಟು ನೋಡಿದೀರಿ ಸಾರ್, ಗುಡ್ಡದ ಮೇಲೆ?”

ಮುಖ್ಯಸ್ಥರು ಪೆನ್ನಿನ ಮುಚ್ಚಳ ಹಾಕಿದರು. ಅವರಿಗೆ ಮಂಡಿನೋವು, ಅವರು ಗುಡ್ಡ ಹತ್ತಿದವರೇ ಅಲ್ಲವೆಂಬುದು ಇಡೀ ಕಟ್ಟಡಕ್ಕೆ ಗೊತ್ತಿತ್ತು. “ನಿನ್ನ ಕೆಲಸ ಅಂಟಿಸೋದು” ಎಂದರು, ಯಾವಾಗಿನ ಮೆಲುದನಿಯಲ್ಲೇ. “ಹೋಗಿ ಅಂಟಿಸು.”

“ಆಗ್ಲಿ ಸಾರ್” ಎಂದಳು ಸೂಜಿಯಕ್ಕ. “ಅಂಟಿಸ್ತೀನಿ.”

ಅವಳ ಮೇಜಿನ ಎದುರಿನ ಗೋಡೆಗೆ ಸಂಗ್ರಹಾಲಯದ ಹಳೆಯ ನಿಯಮಗಳನ್ನು ಕಟ್ಟು ಹಾಕಿ ತೂಗುಬಿಟ್ಟಿದ್ದರು. ದಾರ ಪೋಣಿಸಲು ತಲೆಯೆತ್ತಿದಾಗಲೆಲ್ಲ ಅವಳ ಕಣ್ಣಿಗೆ ಬೀಳುತ್ತಿದ್ದುದು ಐದನೆಯದು: ಹಾಳೆಯ ಮೇಲೆ ಒಮ್ಮೆ ಅಂಟಿಸಿದ ಚೀಟಿಯನ್ನು ಯಾರೂ ಕೀಳಬಾರದು, ಅಳಿಸಬಾರದು, ಮುಚ್ಚಬಾರದು, ಅದನ್ನು ಒಪ್ಪದವರು ತಮ್ಮ ಅಭಿಪ್ರಾಯವನ್ನು ಬೇರೆ ಚೀಟಿಯಲ್ಲಿ ಬರೆದು, ಹೆಸರು ಮತ್ತು ದಿನಾಂಕದೊಂದಿಗೆ ಪಕ್ಕದಲ್ಲಿ ಅಂಟಿಸತಕ್ಕದ್ದು. ಒಪ್ಪದವರು ಅಂತ ಇತ್ತು. ಒಪ್ಪದ ಡಾಕ್ಟರುಗಳು ಅಂತ ಇರಲಿಲ್ಲ.

ಮೂರು ದಿನ ಅವಳು ಊಟದ ಬಿಡುವಿನಲ್ಲಿ ಹೊರಗೆ ಹೋಗಲಿಲ್ಲ. ತೊಂಬತ್ತೆರಡು ಹಾಳೆಗಳನ್ನೂ ಮತ್ತೆ ಒಂದೊಂದಾಗಿ ನೋಡಿದಳು. ಹಿಂಬದಿ ಕಾಣಲೆಂದು ಮಗುಚಿ ಅಂಟಿಸಿದ್ದ ಎಲೆಯನ್ನು ಭೂತಗನ್ನಡಿಯಲ್ಲಿ ನೋಡಿದಳು, ಅಂಟಿನ ಅಂಚನ್ನು ಉಗುರಿನಿಂದ ತಡವಿದಳು. ಅಸ್ತರಿದ್ದ ನಲವತ್ತೊಂದು ಹಾಳೆಗಳಿಗೆ, ಮುಖ್ಯಸ್ಥರ ಅಚ್ಚಿನ ಚೀಟಿಯ ಮಗ್ಗುಲಲ್ಲೇ, ತನ್ನ ಕೈಬರಹದ ಚೀಟಿ ಅಂಟಿಸಿದಳು: “ಇದು ಬೇರೆ ಜಾತಿ. ಎಲೆಯ ಹಿಂದೆ ಅಸ್ತರಿದೆ. ಅಂಟು ಕುಡಿಯುತ್ತದೆ. ಕಡ್ಡಿ ಮಟ್ಟಸವಾಗಿ ಮಲಗುವುದಿಲ್ಲ.” ಕೆಳಗೆ ತಾರೀಖು, ಅಪ್ಪನ ಹೆಸರಿನ ಮೊದಲಕ್ಷರದ ಸಮೇತ ತನ್ನ ಪೂರ್ತಿ ಹೆಸರು. ಮೊದಲ ಚೀಟಿಗೆ ಹೆಸರನ್ನು ಅಕ್ಷರ ಅಕ್ಷರವಾಗಿ ಬರೆದಳು. ಹತ್ತನೆಯದರ ಹೊತ್ತಿಗೆ ಬ್ಯಾಂಕಿನ ಮ್ಯಾನೇಜರನಂತೆ ರುಜು ಹಾಕುತ್ತಿದ್ದಳು.

ಬಚ್ಚಿಡುವ ಯೋಚನೆ ಅವಳಿಗಿರಲಿಲ್ಲ. ನಾಲ್ಕನೆಯ ದಿನ ತಾನೇ ಫೋಲ್ಡರನ್ನು ಒಯ್ದು ಮುಖ್ಯಸ್ಥರ ಮೇಜಿನ ಮೇಲಿಟ್ಟಳು.

ಅವರ ಮುಖ ಮೊದಲು ಬಿಳಿಚಿಕೊಂಡಿತು, ಆಮೇಲೆ ಕೆಂಪಾಯಿತು. ಗುಮಾಸ್ತರನ್ನು ಕರೆದು, “ಇವನ್ನೆಲ್ಲ ಕಿತ್ತು ಹಾಕ್ರಿ” ಎಂದರು. ಗುಮಾಸ್ತರು ಚಿಮುಟ ಹುಡುಕಿಕೊಂಡು ಬಂದವರು ಬಾಗಿಲಲ್ಲೇ ನಿಂತು ತಲೆ ಕೆರೆದುಕೊಂಡರು. ಅವರು ರೂಲ್ಸಿನ ಮನುಷ್ಯ. “ಐದನೇ ನಿಯಮ ಇದೆಯಲ್ಲ ಸಾರ್” ಎಂದರು ಅಳುಕುತ್ತ.

ಚೀಟಿ ಕೀಳಲಾಗಲಿಲ್ಲ. ಅಂಟಿಸಿದವಳ ಮೇಲೆ ವಿಚಾರಣೆ ನಡೆಯಿತು. ಕಾರಣ ಕೇಳಿ ನೋಟಿಸು ಬಂತು. “ಸದರಿ ಕೃತ್ಯವನ್ನು ಯಾರ ಅನುಮತಿಯಿಂದ ಎಸಗಿರುತ್ತೀರಿ?” ಎಂದು ಅದರಲ್ಲಿತ್ತು. ಅವಳು ಎರಡೇ ಸಾಲಿನ ಉತ್ತರ ಬರೆದಳು: “ಐದನೇ ನಿಯಮದ ಅನುಮತಿಯಿಂದ. ನನ್ನ ಕೃತ್ಯ ತಪ್ಪೆಂದು ತೋರಿಸಬೇಕಾದರೆ ಎಲೆ ಮಗುಚಿ ತೋರಿಸಿ.”

ವಿಚಾರಣೆಯ ದಿನ ಮೂವರು ಅಧಿಕಾರಿಗಳು ಉದ್ದನೆಯ ಮೇಜಿನ ಆಚೆ ಕೂತಿದ್ದರು. ಈಚೆ ಅವಳೊಬ್ಬಳು.

“ಕ್ಷಮಾಪಣೆ ಬರೆದುಕೊಡಿ, ಇಲ್ಲಿಗೇ ಮುಗಿಸೋಣ” ಎಂದರು ಅವರಲ್ಲಿ ಹಿರಿಯರು.

“ಯಾತಕ್ಕೆ ಕ್ಷಮೆ ಸಾರ್? ಸುಳ್ಳು ಬರೆದಿದ್ರೆ ಕೇಳ್ತಿದ್ದೆ.”

“ನೀವೇನು ವಿಜ್ಞಾನ ಓದಿದೀರಾ?”

“ಇಲ್ಲ. ಈ ತೊಂಬತ್ತೆರಡನ್ನೂ ಕೈಯಾರೆ ಮುಟ್ಟಿ ಅಂಟಿಸಿದವಳು ನಾನು. ಓದಿದವರು ಯಾರಾದ್ರೂ ಮುಟ್ಟಿದಾರಾ ಕೇಳಿ.”

ಅವಳನ್ನು ಕೆಲಸದಿಂದ ತೆಗೆಯಲು ಅವರಿಗೆ ಕಾರಣ ಸಾಲಲಿಲ್ಲ, ಮೇಜಿನಿಂದ ತೆಗೆಯಲು ಸಾಕಾಯಿತು. ಹಿತ್ತಲಿನ ಒಣಗಿಸುವ ಕೋಣೆಗೆ ಹಾಕಿದರು. ಹಸಿ ಗಿಡಗಳ ನೀರು ಕುಡಿದ ಬ್ಲಾಟಿಂಗ್ ಪೇಪರುಗಳನ್ನು ದಿನವೂ ಬದಲಿಸಿ, ತಂತಿಯ ಮೇಲೆ ಹರವಿ, ಹೀಟರಿನ ಬಿಸಿಯಲ್ಲಿ ಒಣಗಿಸುವ ಕೆಲಸ. ಕಿಟಕಿಯಿಲ್ಲ. ಸೂಜಿ ಮುಟ್ಟುವ ಹಾಗಿಲ್ಲ. ಅವಳ ಜಾಗಕ್ಕೆ ಕಾಲೇಜು ಮುಗಿಸಿದ ಹುಡುಗಿಯೊಬ್ಬಳನ್ನು ತಂದು ಕೂರಿಸಿದರು. “ಸಾಹೇಬರ ಹತ್ರ ಒಂದು ಮಾತು ಸಾರಿ ಅಂದುಬಿಡಕ್ಕ” ಎಂದು ಸಹೋದ್ಯೋಗಿಗಳು ದಿನಕ್ಕೊಬ್ಬರಂತೆ ಬಂದು ಹೇಳಿದರು. “ಸಾರಿ ಉಡೋದು ಗೊತ್ತು, ಹೇಳೋದು ಗೊತ್ತಿಲ್ಲ” ಎಂದು ಎಲ್ಲರನ್ನೂ ಸಾಗಹಾಕಿದಳು. ಆದರೆ ಆ ಕೋಣೆಯ ಸೆಖೆಯಲ್ಲಿ ಒಬ್ಬಳೇ ಇದ್ದಾಗ, ಬೆರಳುಗಳು ತಮ್ಮಷ್ಟಕ್ಕೆ ತಾವೇ ದಾರ ಎಳೆಯುವಂತೆ ಗಾಳಿಯಲ್ಲಿ ಆಡುತ್ತಿದ್ದವು. ಅದನ್ನು ಕಂಡಾಗ ಮಾತ್ರ ಅವಳಿಗೆ ಅಳು ಬರುತ್ತಿತ್ತು.

ಮುಖ್ಯಸ್ಥರ ಪುಸ್ತಕ ಅಚ್ಚಾಯಿತು. ಕೊಟೊನಿಯಾಸ್ಟರ್, ಒಂದು ಜಾತಿ, ಅರ್ಧ ಪುಟ. ಸಭೆ, ಭಾಷಣ, ಶಾಲು ಎಲ್ಲ ಆಯಿತು. ಸೂಜಿಯಕ್ಕ ಹಿಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದಳು. ಎಲ್ಲರೂ ಚಪ್ಪಾಳೆ ತಟ್ಟಿದಾಗಲೂ ಅವಳ ಕೈ ಬಿಚ್ಚಲಿಲ್ಲ.

ಹೀಗೆ ಎರಡು ವರ್ಷ ಕಳೆದವು. ಬೇರೊಂದು ಸಂಗ್ರಹಾಲಯದವರು ಅಭ್ಯಾಸಕ್ಕೆಂದು ಹಾಳೆಗಳನ್ನು ತರಿಸಿಕೊಳ್ಳುವುದು ವಾಡಿಕೆ. ಆ ವರ್ಷ ದೂರದೂರಿನಿಂದ ಕೊಟೊನಿಯಾಸ್ಟರಿಗೆ ಬೇಡಿಕೆ ಬಂತು. ಗುಮಾಸ್ತರು ಪಟ್ಟಿಯಂತೆ ಕಟ್ಟು ಕಟ್ಟಿ ಅಂಚೆಗೆ ಹಾಕಿದರು. ಅದಾದ ನಾಲ್ಕು ತಿಂಗಳಿಗೆ ಒಂದು ಕಾಗದ ಬಂತು. ಮೇಲಿದ್ದ ಹೆಸರನ್ನು ನೋಡಿ ಗುಮಾಸ್ತರು ಹಜಾರದಿಂದ ಹಜಾರಕ್ಕೆ ಅಲೆದರು. “ಡಾಕ್ಟರ್ ಅಂತ ಬರೆದಿದಾರೆ. ಈ ಹೆಸರಿನ ಡಾಕ್ಟರು ನಮ್ಮಲ್ಲಿ ಯಾರ್ರೀ?” ಕಾವಲುಗಾರ ಓದಿದ, ಹುಡುಗಿ ಓದಿದಳು, ಯಾರಿಗೂ ಗೊತ್ತಾಗಲಿಲ್ಲ. ಕೊನೆಗೆ ಒಣಗಿಸುವ ಕೋಣೆಯ ಬಾಗಿಲಿನಲ್ಲಿ ಅವರು ಕೂಗಿ ಓದಿದಾಗ, ಒದ್ದೆ ಪೇಪರುಗಳ ಹಿಂದಿನಿಂದ, “ನಾನೇ, ಕೊಡಿ ಇಲ್ಲಿ” ಎಂಬ ದನಿ ಬಂತು.

ಕಾಗದ ಬರೆದವಳು ಜೀವಮಾನವಿಡೀ ಈ ಒಂದೇ ಕುಲದ ಪೊದೆಗಳನ್ನು ಅಭ್ಯಾಸ ಮಾಡಿದ್ದ ವಿದ್ವಾಂಸೆ. ಹಾಳೆಗಳನ್ನು ಹಿಂದಿರುಗಿಸಲು ತಾನೇ ಬರುತ್ತೇನೆ, ಚೀಟಿ ಬರೆದವರನ್ನು ನೋಡಬೇಕು ಎಂದಿದ್ದಳು. ಬಂದಳು. ಕುಳ್ಳಗೆ, ಬೆಳ್ಳಗಿನ ಕೂದಲು, ಕಾಲಲ್ಲಿ ಗುಡ್ಡ ಹತ್ತಿ ಸವೆದ ಬೂಟು. ಮುಖ್ಯಸ್ಥರ ಕೋಣೆಯಲ್ಲಿ ಕೂರದೆ ನೇರ ಒಣಗಿಸುವ ಕೋಣೆಗೆ ನಡೆದಳು.

“ಅಂಟು ಕುಡಿಯುತ್ತೆ ಅಂತ ಬರೆದಿದ್ದು ನೀವೇನಾ?”

“ಹೌದು ಮೇಡಂ.”

“ಮೂವತ್ತು ವರ್ಷದಿಂದ ಇವನ್ನ ನೋಡ್ತಿದೀನಿ. ಅಂಟು ಹಚ್ಚಿ ನೋಡಬೇಕು ಅಂತ ನನಗೆ ಹೊಳೆದೇ ಇರಲಿಲ್ಲ” ಎಂದು ಬೆವರು ಒರೆಸಿಕೊಳ್ಳುತ್ತ ನಕ್ಕಳು. ಹಾಳೆಗೆ ಲಗತ್ತಿಸಿದ್ದ ಪುಟ್ಟ ಲಕೋಟೆಯಿಂದ ಉದುರಿದ ಹಣ್ಣೊಂದನ್ನು ತೆಗೆದು, ನೀರಲ್ಲಿ ನೆನೆಸಿ, ಸೂಜಿಯಿಂದ ಬಿಡಿಸಿ ತೋರಿಸಿದಳು. ಅಸ್ತರಿದ್ದ ಗಿಡದ ಹಣ್ಣಿನಲ್ಲಿ ಎರಡು ಗಟ್ಟಿ ಬೀಜ. ಅಸ್ತರಿಲ್ಲದ್ದರಲ್ಲಿ ಮೂರು. “ನೀವು ಹೇಳಿದ್ದು ಸರಿ. ಎರಡು ಜಾತಿ. ಆದರೆ…” ಎಂದು ಮೂರು ಹಾಳೆಗಳನ್ನು ಬೇರೆ ತೆಗೆದಿಟ್ಟಳು. “ಇವು ಮೂರು ನೀವು ಹೇಳಿದ ಹಾಗಲ್ಲ.”

ಸೂಜಿಯಕ್ಕ ಹಾಳೆಗಳ ಮೇಲೆ ಬಗ್ಗಿದಳು. “ಅಸ್ತರಿದೆಯಲ್ಲ?”

“ಭೂತಗನ್ನಡಿ ಹಿಡಿದು ನೋಡಿ.”

ಅವಳು ತುಂಬ ಹೊತ್ತು ನೋಡಿದಳು. ಉಣ್ಣೆಯಲ್ಲ ಅದು, ಬೂಸಲು. ಮೂರೂ ಒಂದೇ ಮಳೆಗಾಲದಲ್ಲಿ ಬಂದವು. ಸರಿಯಾಗಿ ಒಣಗದೆ ಎಲೆಯ ಹಿಂದೆ ಬೂಸಲು ಹಿಡಿದು, ಅದೂ ಅಂಟು ಕುಡಿದಿತ್ತು. ಹಣ್ಣು ಬಿಡಿಸಿದರೆ ಮೂರು ಮೂರು ಬೀಜ. ಭೂತಗನ್ನಡಿಯನ್ನು ಕೆಳಗಿಟ್ಟು, “ಚೀಟಿ ಇದೆಯಾ ಮೇಡಂ?” ಎಂದಳು.

ಹಜಾರಕ್ಕೆ ಬಂದು ತನ್ನ ಹಳೆಯ ಮೇಜಿನ ಮುಂದೆ ನಿಂತಳು. ಹುಡುಗಿ ಸರಿದು ಜಾಗ ಕೊಟ್ಟಳು. ಮೂರು ಹಾಳೆಗಳಿಗೂ ತನ್ನ ಹಳೇ ಚೀಟಿಯ ಪಕ್ಕ ಹೊಸದನ್ನು ಅಂಟಿಸಿದಳು: “ನಾನು ಬರೆದದ್ದು ತಪ್ಪು. ಇದು ಅಸ್ತರಲ್ಲ, ಬೂಸಲು. ಇದು ಅಸ್ತರಿಲ್ಲದ ಜಾತಿಯೇ.” ತಾರೀಖು, ಪೂರ್ತಿ ಹೆಸರು. ಅಷ್ಟರಲ್ಲಿ ಮುಖ್ಯಸ್ಥರೂ ಬಂದು ನಿಂತಿದ್ದರು. ಹಜಾರದ ಬೀರುಗಳ ಸಂದಿಯಲ್ಲಿ ಅರ್ಧ ಸಿಬ್ಬಂದಿ ನೆರೆದಿತ್ತು.

“ಅಂತೂ ತಪ್ಪು ಒಪ್ಕೊಂಡ್ಯಲ್ಲಮ್ಮ” ಎಂದರು ಅವರು ಮೆಲ್ಲಗೆ.

“ಒಪ್ಕೊಂಡೆ ಸಾರ್. ಮೂರು. ಉಳಿದ ಮೂವತ್ತೆಂಟು ಹಾಗೇ ಇದಾವೆ.” ಅವಳು ಅಂಟಿನ ಬಾಟಲಿಯ ಪಕ್ಕ ಖಾಲಿ ಚೀಟಿಗಳ ಕಟ್ಟನ್ನು ಅವರ ಕಡೆ ಸರಿಸಿದಳು. “ನಿಮಗೂ ಬೇಕಾದ್ರೆ ಇಲ್ಲಿದೆ.”

ಮುಖ್ಯಸ್ಥರು ಚೀಟಿಗಳನ್ನು ನೋಡಿದರು. ಮುಟ್ಟಲಿಲ್ಲ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಅವರು ಕೊನೆಯವರೆಗೂ ಚೀಟಿ ಬರೆಯಲಿಲ್ಲ. ಆದರೆ ಹದಿನೈದು ದಿನಕ್ಕೆ ಒಂದು ಆದೇಶ ಹೊರಟಿತು. ಕೊಟೊನಿಯಾಸ್ಟರಿಗೆ ಇನ್ನು ಮುಂದೆ ಎರಡು ಫೋಲ್ಡರುಗಳು ಎಂದಿತ್ತು, ಯಾಕೆಂದು ಇರಲಿಲ್ಲ. ಅದರ ಬೆನ್ನಿಗೇ ಸೂಜಿಯಕ್ಕನನ್ನು ಮೇಜಿಗೆ ಹಿಂದಿರುಗಿಸುವ ಇನ್ನೊಂದು ಆದೇಶ. ಗುಮಾಸ್ತರು ಅದನ್ನು ಹಿಡಿದು ಸಂಭ್ರಮದಿಂದ ಓಡಿಬಂದರು. ಅವಳು ಓದಿ ಮಡಿಸಿ ಅವರ ಕೈಗೇ ಕೊಟ್ಟಳು.

“ಆ ಹುಡುಗಿಯನ್ನ ಎಲ್ಲಿ ಹಾಕ್ತೀರಿ?”

“ಇಲ್ಲಿಗೆ. ಒಣಗಿಸೋ ಕೋಣೆಗೆ.”

“ಹಾಗಾದ್ರೆ ನಾ ಬರಲ್ಲ. ಇನ್ನೊಂದು ಕುರ್ಚಿ ಹಾಕ್ಸಿ. ಅವಳ ಮುಂದೆಯೂ ಚೀಟಿ ಕಟ್ಟು ಇರಬೇಕು. ಅಂಟಿಸೋರಿಗೆ ಕಾಣೋದು ಬರೆಯೋರಿಗೆ ಕಾಣಲ್ಲ, ಅಂತ ನಿಮ್ಮ ಸಾಹೇಬರಿಗೆ ಹೇಳಿ.”

“ಮತ್ತೆ ಶುರು ಮಾಡಿದ್ಯೇನಕ್ಕ!” ಎಂದು ಗುಮಾಸ್ತರು ಹಣೆ ಚಚ್ಚಿಕೊಂಡರು.

ಒಂದು ವಾರ ಅವಳು ಬ್ಲಾಟಿಂಗ್ ಪೇಪರುಗಳನ್ನೇ ಹರವುತ್ತಿದ್ದಳು. ಎಂಟನೆಯ ದಿನ ಕಿಟಕಿಯ ಪಕ್ಕ ಎರಡನೆಯ ಕುರ್ಚಿ ಬಂತು.